ಎರಡು ಹೆಸರಿನ ದೇವರು

ಮಾರ್ಗದರ್ಶಕನ ಬೆನ್ನು ಹಿಡಿದು ಕ್ಷೇತ್ರಗಳನ್ನು ನೋಡುವುದು ನನಗೆ ಒಗ್ಗಿದ ಕ್ರಮವಲ್ಲ. ಗಡಿಯಾರವನ್ನೂ ದೇವರನ್ನೂ ಒಟ್ಟಿಗೆ ನೋಡಬೇಕಾಗಿ ಬಂದಾಗ ಗಡಿಯಾರವೇ ಗೆಲ್ಲುವುದು ಹೆಚ್ಚು. ಆದರೆ ಕಳೆದ ವರ್ಷ ಮಾಘಮಾಸದಲ್ಲಿ ಕಠ್ಮಂಡುವಿಗೆ ಹೋದಾಗ ನನ್ನ ಕೈಯಲ್ಲಿದ್ದುದು ಒಂದೇ ದಿನ. ಸ್ವಯಂಭೂ, ಪಶುಪತಿ, ಬೌದ್ಧನಾಥ, ಪಾಟನ್ ಎಂಬ ನಾಲ್ಕು ಸ್ಥಳಗಳು. ಹನ್ನೆರಡು ಮಂದಿ ಯಾತ್ರಿಕರು. ಹಿಂದಿ ಬಲ್ಲ ಒಬ್ಬ ನೇವಾರ ತರುಣ ಮಾರ್ಗದರ್ಶಕ. ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ನಾನು ಹೇಳುತ್ತ ಬಂದ ಪಾಠವೊಂದನ್ನು ಆ ಒಂದು ದಿನ ನನಗೇ ಮತ್ತೊಮ್ಮೆ ಹೇಳಿಕೊಟ್ಟಿತು.

ಆ ಪಾಠ ಕದ್ರಿಯದು. ಮಂಗಳೂರಿನ ಕದ್ರಿ ಮಂಜುನಾಥನ ಗುಡಿಯಲ್ಲಿ ಮೂರು ಮುಖ, ಆರು ತೋಳುಗಳ ಸುಂದರವಾದ ಕಂಚಿನ ಮೂರ್ತಿಯೊಂದಿದೆ. ಆಳುಪ ದೊರೆ ಕುಂದವರ್ಮನು ಕ್ರಿ.ಶ. 968ರಲ್ಲಿ ಕದಿರಿಕಾ ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠಿಸಿದನೆಂದು ಅದರ ಪೀಠದ ಶಾಸನ ಸಾರುತ್ತದೆ. ಲೋಕೇಶ್ವರನೆಂದರೆ ಬೌದ್ಧರ ಅವಲೋಕಿತೇಶ್ವರ. ಎಂ.ಎ. ಮುಗಿಸಿದ ವರ್ಷ ನಾನು ತಾಯಿಯೊಡನೆ ಅಲ್ಲಿಗೆ ಹೋಗಿದ್ದೆ. ಆಕೆ ಮೂರು ಮುಖಗಳನ್ನು ಕಂಡು "ಬ್ರಹ್ಮದೇವರು" ಎಂದು ಕೈ ಮುಗಿದಳು. "ಬ್ರಹ್ಮನಲ್ಲಮ್ಮ, ಅದು ಬೌದ್ಧ ವಿಗ್ರಹ. ಇದು ಮೊದಲು ನಮ್ಮ ಗುಡಿಯೇ ಅಲ್ಲ" ಎಂದು ಹೊಸ ಪದವಿಯ ಹುರುಪಿನಲ್ಲಿ ನಾನು ತಿದ್ದಿದೆ. ತಾಯಿ ಮಾತಾಡಲಿಲ್ಲ. ಮುಗಿದ ಕೈಗಳನ್ನು ಮೆಲ್ಲನೆ ಕೆಳಗಿಳಿಸಿದಳು. ಇಂದು ಆಕೆಯಿಲ್ಲ; ಕೆಳಗಿಳಿದ ಆ ಕೈಗಳು ಮಾತ್ರ ನನ್ನ ಕಣ್ಣಮುಂದಿವೆ.

ಬೆಳಗಿನ ಮಂಜಿನಲ್ಲಿ ಸ್ವಯಂಭೂ ಬೆಟ್ಟದ ಪೂರ್ವದ ಮೆಟ್ಟಿಲುಗಳನ್ನು ಹತ್ತಿದೆವು. ಮೆಟ್ಟಿಲುಗಳು 365 ಎಂದು ಎಣಿಕೆ. ಏರಿ ನಿಂತಲ್ಲಿ ಹದಿನೇಳನೆಯ ಶತಮಾನದ ದೊರೆ ಪ್ರತಾಪಮಲ್ಲನು ಇರಿಸಿದ ದೊಡ್ಡ ವಜ್ರಾಯುಧ. ಅದರ ಹಿಂದೆ ಬಿಳಿಯ ಸ್ತೂಪ, ನಾಲ್ಕು ದಿಕ್ಕಿಗೂ ತೆರೆದ ಕಣ್ಣುಗಳು. ಈ ಕಣಿವೆಯೆಲ್ಲ ಹಿಂದೆ ಸರೋವರವಾಗಿತ್ತೆಂದೂ, ಮಂಜುಶ್ರೀ ಬೋಧಿಸತ್ತ್ವನು ಚೋಭಾರದಲ್ಲಿ ಖಡ್ಗದಿಂದ ಬೆಟ್ಟವನ್ನು ಸೀಳಿ ನೀರನ್ನು ಹರಿಯಬಿಟ್ಟನೆಂದೂ ಪುರಾಣ. ಸ್ತೂಪದ ಪಶ್ಚಿಮಕ್ಕೆ ಇನ್ನೊಂದು ದಿಬ್ಬದ ಮೇಲೆ ಆ ಮಂಜುಶ್ರೀಯ ಗುಡಿ. ಅದರ ಗೋಡೆಯ ತುಂಬ ಮಕ್ಕಳ ಕೈಬರಹ! ವಸಂತ ಪಂಚಮಿ ಕಳೆದು ಕೆಲವೇ ದಿನಗಳಾಗಿದ್ದುವು. ಆ ಹಬ್ಬದಂದು ಮಂಜುಶ್ರೀಯನ್ನೇ ಸರಸ್ವತಿಯೆಂದು ಪೂಜಿಸಿ, ಮಕ್ಕಳಿಂದ ಗೋಡೆಯ ಮೇಲೆ ಅಕ್ಷರ ಬರೆಯಿಸುತ್ತಾರಂತೆ. "ಹಾಗಾದರೆ ಈ ಗುಡಿ ಹಿಂದೂಗಳದೋ ಬೌದ್ಧರದೋ?" ಎಂದು ಕೇಳಿದೆ. ತರುಣನು ಗೋಡೆಯ ಮೂಲೆಯೊಂದನ್ನು ತೋರಿಸಿ, "ನಾನು ಮೊದಲ ಅಕ್ಷರ ಬರೆದದ್ದು ಅಲ್ಲಿ" ಎಂದನು. ನನ್ನ ಪ್ರಶ್ನೆಗೆ ಅದು ಉತ್ತರವಲ್ಲವೆಂದೇ ಆಗ ತಿಳಿದೆ. ಮಂಜುನಾಥನೆಂಬ ಹೆಸರು ಮಂಜುಶ್ರೀಯಿಂದಲೇ ಬಂದಿರಬೇಕೆಂದು ಊಹಿಸುವ ವಿದ್ವಾಂಸರಿದ್ದಾರೆ. ಆ ಊಹೆಯನ್ನು ನಾನೂ ಬೋಧಿಸಿದ್ದೇನೆ. ಆದರೆ ಸುಣ್ಣದ ಕಡ್ಡಿಯಿಂದ ಗೀಚಿದ ಅಕ್ಷರಗಳ ನಡುವೆ ಆ ಹೆಸರು ಹೀಗೆ ಎದುರಾದೀತೆಂದು ಎಣಿಸಿರಲಿಲ್ಲ.

ಪಶುಪತಿಯಲ್ಲಿ ಬಾಗಮತಿಯ ದಡದ ಚಿತೆಗಳ ಹೊಗೆ ಗುಡಿಯ ಹೊನ್ನಿನ ಮಾಡಿನವರೆಗೂ ಏಳುತ್ತದೆ. ಹಿಂದೂಗಳಲ್ಲದವರಿಗೆ ಒಳಗೆ ಪ್ರವೇಶವಿಲ್ಲ; ನಮ್ಮ ತಂಡದ ಇಬ್ಬರು ವಿದೇಶೀಯರು ನದಿಯ ಆಚೆಯ ದಡದಲ್ಲಿ ಉಳಿದರು. ಹೊರಗೆ ನಿಂತವರ ಮುಖವನ್ನು ನೋಡಿದ ಮೇಲೆ, ಇಲ್ಲಿ ಭೇದವೇ ಇಲ್ಲವೆಂದು ನಾನು ಬರೆಯಲಾರೆ. ಒಳಗೆ ಚತುರ್ಮುಖ ಲಿಂಗ. ಅದನ್ನು ಮುಟ್ಟುವ ಅಧಿಕಾರ ದಕ್ಷಿಣದಿಂದ ಹೋದ ಭಟ್ಟರಿಗೆ ಮಾತ್ರ. ಅವರು ಬಹುಕಾಲದಿಂದ ಕರ್ಣಾಟಕದವರು. ಸರತಿಯಲ್ಲಿ ನಿಂತಿದ್ದ ನನ್ನ ಕಿವಿಗೆ ಕನ್ನಡದ ಎರಡು ಮಾತು ಬಿದ್ದಾಗ, ನಮ್ಮ ಕರಾವಳಿಯ ಯಾವುದೋ ಗುಡಿಯ ಅಂಗಳದಲ್ಲಿರುವೆನೆಂದೇ ಭ್ರಮೆಯಾಯಿತು. ಹೊರಗೆ ಬಂದಾಗ ತರುಣನು ಹೇಳಿದನು: "ವರ್ಷದಲ್ಲಿ ಒಂದು ದಿನ ಈ ಲಿಂಗಕ್ಕೆ ಬುದ್ಧನ ಕಿರೀಟವಿಟ್ಟು ಪೂಜೆಯಾಗುತ್ತದೆ."

ಅಲ್ಲಿಂದ ಬೌದ್ಧನಾಥ ದೂರವಿಲ್ಲ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಈ ಮಹಾಸ್ತೂಪದ ಶಿರೋಭಾಗ ಬಿರುಕುಬಿಟ್ಟಿತು. ಅದನ್ನು ಕಳಚಿ ಮತ್ತೆ ಕಟ್ಟಿ 2016ರ ನವೆಂಬರಿನಲ್ಲಿ ಭಕ್ತರಿಗೆ ತೆರೆದರು. ಪ್ರದಕ್ಷಿಣೆಯ ಹಾದಿಯಲ್ಲಿ ಟಿಬೆಟಿನ ಮುದುಕರು ಪ್ರಾರ್ಥನಾಚಕ್ರ ತಿರುಗಿಸುತ್ತ ನಡೆಯುತ್ತಿದ್ದರು. ನಮ್ಮ ಬೈಲುಕುಪ್ಪೆಯಲ್ಲಿ ಕಂಡ ಮುಖಗಳೇ! ಅವರ ನಡುವೆ ಹಣೆಗೆ ಕೆಂಪು ತಿಲಕವಿಟ್ಟ ನೇಪಾಳಿ ಹೆಂಗಸರೂ ಸುತ್ತು ಬರುತ್ತಿದ್ದರು. ಎಲ್ಲರೂ ಬಲಕ್ಕೇ ಸುತ್ತುವುದರಿಂದ ಯಾರೂ ಯಾರಿಗೂ ಅಡ್ಡವಾಗಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಪಾಟನ್ ಸೇರಿದೆವು. 1637ರಲ್ಲಿ ಸಿದ್ಧಿನರಸಿಂಹಮಲ್ಲನು ಕಟ್ಟಿಸಿದ ಕೃಷ್ಣಮಂದಿರವನ್ನು ಹತ್ತು ನಿಮಿಷದಲ್ಲಿ ನೋಡಿ ಮುಗಿಸಿ, ತಾ ಬಹಾಲ್ ಎಂಬ ವಿಶಾಲವಾದ ಅಂಗಳಕ್ಕೆ ಹೋದೆವು. ಅಲ್ಲಿ ಕೆಂಪು ಬಣ್ಣ ಬಳಿದ ಒಂದು ದೇವರು. ಶೈವರು ಅದನ್ನು ಮತ್ಸ್ಯೇಂದ್ರನಾಥನೆನ್ನುತ್ತಾರೆ. ಬೌದ್ಧರು ಕರುಣಾಮಯ ಲೋಕೇಶ್ವರನೆನ್ನುತ್ತಾರೆ. ಪೂಜಾರಿಗಳು ಬೌದ್ಧರು, ಮಳೆಗಾಗಿ ತೇರೆಳೆಯುವವರು ಊರಿನವರೆಲ್ಲ. ಗೋರಖನಾಥನು ನಾಗಗಳ ಮೇಲೆ ಕುಳಿತು ಹನ್ನೆರಡು ವರ್ಷ ಮಳೆಯನ್ನು ತಡೆದಾಗ, ಅವನ ಗುರುವಾದ ಈ ದೇವರನ್ನು ಕಾಮರೂಪದಿಂದ ಕರೆತಂದರೆಂದು ಕಥೆ. ಗುರುವನ್ನು ಕಂಡು ಶಿಷ್ಯ ಎದ್ದು ನಿಂತ, ನಾಗಗಳು ಬಿಡುಗಡೆ ಹೊಂದಿದುವು, ಮಳೆ ಬಂತು.

ನಾನು ನಿಂತಲ್ಲೇ ನಿಂತೆ. ಲೋಕೇಶ್ವರ, ಮತ್ಸ್ಯೇಂದ್ರ, ಗೋರಖ: ಇವು ಕದ್ರಿಯ ಹೆಸರುಗಳು. ಅಲ್ಲಿಯೂ ಮತ್ಸ್ಯೇಂದ್ರನಾಥನ ಮೂರ್ತಿಯುಂಟು, ಗುಡ್ಡದ ಮೇಲೆ ಜೋಗಿಗಳ ಮಠವುಂಟು. ನಮ್ಮಲ್ಲಿ ಶಾಸನವನ್ನು ಓದಿ, ಪೀಠವನ್ನು ಅಳೆದು, "ಬೌದ್ಧವಾಗಿತ್ತು, ಶೈವವಾಯಿತು" ಎಂದು ಭೂತಕಾಲದಲ್ಲಿ ಹೇಳುವುದನ್ನು ಇಲ್ಲಿ ಒಂದು ಊರು ವರ್ತಮಾನದಲ್ಲಿ ಬಾಳುತ್ತಿತ್ತು. ಆಗಲೇ ಮುದುಕಿಯೊಬ್ಬಳು ಬಂದು ದೀಪವಿಟ್ಟು ಕೈ ಮುಗಿದಳು. ಯಾವ ಹೆಸರಿನಿಂದ ಕರೆದಳೋ ನನಗೆ ಕೇಳಿಸಲಿಲ್ಲ. ಅವಳನ್ನು ಯಾರೂ ತಿದ್ದಲಿಲ್ಲ. ಬೆಳಿಗ್ಗೆ ತರುಣನು ತೋರಿಸಿದ ಗೋಡೆಯ ಮೂಲೆ ಉತ್ತರವೇ ಆಗಿತ್ತೆಂದು ಆಗ ತಿಳಿಯಿತು.

ಶಾಸನ ಸುಳ್ಳೆಂದು ನಾನು ಹೇಳುತ್ತಿಲ್ಲ. 968 ಎಂಬುದು ಇಂದಿಗೂ 968ರೇ. ಕುಂದವರ್ಮನು ಪ್ರತಿಷ್ಠಿಸಿದ್ದು ಲೋಕೇಶ್ವರನನ್ನೇ. ಆ ನಿಜವನ್ನು ವಿದ್ಯಾರ್ಥಿಗಳಿಗೆ ಹೇಳದಿದ್ದರೆ ನಾನು ಅಧ್ಯಾಪಕನಲ್ಲ. ಆದರೆ ಅದನ್ನು ಹೇಳಲು ಕೈ ಮುಗಿದು ನಿಂತವಳ ಕೈಯನ್ನು ಇಳಿಸಬೇಕಾಗಿರಲಿಲ್ಲ. ವಿಹಾರ ಹೋದ ಮೇಲೆಯೂ ಆ ಕಂಚಿನ ಮೂರ್ತಿ ಕರಗದೆ ಉಳಿದದ್ದು ಅಂತಹ ಕೈಗಳು ಮುಗಿಯುತ್ತ ಬಂದುದರಿಂದಲ್ಲವೇ? ಹೆಸರು ತಿಳಿಯದೆಯೂ ಅವರು ಕಾಪಾಡಿದರು; ಹೆಸರು ತಿಳಿದ ನಾನು ಅದನ್ನು "ನಮ್ಮದಲ್ಲ" ಎಂದೆ.

ಬಸ್ಸು ಮೂರು ಸಲ ಕೂಗಿತು. ಎಲ್ಲರಿಗಿಂತ ಕೊನೆಯಲ್ಲಿ ಹತ್ತಿದವನು ನಾನು.

ಊರಿಗೆ ಮರಳಿದ ವಾರವೇ ಕದ್ರಿಗೆ ಹೋದೆ. ಪೀಠದ ಅಕ್ಷರಗಳನ್ನು ಅಂದು ಓದಲಿಲ್ಲ. ಮೂರು ಮುಖದ ದೇವರ ಎದುರು, ತಾಯಿ ನಿಂತಿದ್ದ ಎಡೆಯಲ್ಲೇ ನಿಂತು, ಅವಳ ಲೆಕ್ಕಕ್ಕೆ ಒಂದು, ನನ್ನ ಲೆಕ್ಕಕ್ಕೆ ಒಂದು ಎಂದು ಎರಡು ಸಲ ಕೈ ಮುಗಿದೆ.