ಕುದುರೆಯ ಕಣ್ಣು, ಲಾಯದ ನೀರು

ಯುರೋಪಿನ ಅಶ್ವಪಾಲಕರು ಶತಮಾನಗಳ ಕಾಲ ಕುದುರೆಯ ಒಂದು ನೇತ್ರರೋಗದ ಹೊಣೆಯನ್ನು ಚಂದ್ರನ ಮೇಲೆ ಹೊರಿಸಿದ್ದರು. ಕಣ್ಣು ಕೆಂಪಡರಿ, ಎಡೆಬಿಡದೆ ನೀರು ಸುರಿದು, ತಾನಾಗಿಯೇ ತಿಳಿಯಾಗಿ, ಕೆಲವು ವಾರಗಳ ತರುವಾಯ ಮತ್ತೆ ಕೆರಳುವ ಆ ವ್ಯಾಧಿಯು ಚಂದ್ರನ ವೃದ್ಧಿಕ್ಷಯಗಳನ್ನೇ ಅನುಸರಿಸುವುದೆಂದು ಅವರು ನಂಬಿದ್ದರು. ಇಂದಿನ ಪಶುವೈದ್ಯರು ಯುವೈಟಿಸ್ ಎಂದು ಕರೆಯುವ, ಮರುಕಳಿಸುವ ಈ ಒಳಗಣ್ಣಿನ ಉರಿಯೂತವೇ ಜಗತ್ತಿನಲ್ಲಿ ಕುದುರೆಗಳ ಅಂಧತ್ವಕ್ಕೆ ಪ್ರಧಾನ ಕಾರಣ.

ರೋಗ ಕೆರಳಿದಾಗ ನೆಟ್ಟಗೆ ಮುಂಚಾಚಿರಬೇಕಾದ ರೆಪ್ಪೆಗೂದಲು ಕೆಳಕ್ಕೆ ಜೋಲುವುದು. ಅಡ್ಡಲಾಗಿ ಅಂಡಾಕಾರವಾಗಿರುವ ಪಾಪೆ ಸಂಕುಚಿತವಾಗಿ ಸೀಳುಗೆರೆಯಂತಾಗುವುದು. ಬೆಳಕನ್ನು ತಾಳಲಾರದೆ ಪ್ರಾಣಿಯು ಕತ್ತಲ ಮೂಲೆಯನ್ನು ಅರಸುವುದು.

ಇದರ ಮೂಲವನ್ನು ಆಕಾಶದಲ್ಲಲ್ಲ, ಕಾಲಡಿಯ ಕೆಸರಿನಲ್ಲಿ ಹುಡುಕಬೇಕು. ಇಲಿ, ಹಂದಿ, ದನ, ಜಿಂಕೆ ಮೊದಲಾದವುಗಳ ಮೂತ್ರದೊಡನೆ ಹೊರಬೀಳುವ ಲೆಪ್ಟೊಸ್ಪೈರಾ ಎಂಬ ಸುರುಳಿಯಾಕಾರದ ಸೂಕ್ಷ್ಮಜೀವಿಯು ನಿಂತ ನೀರಿನಲ್ಲಿಯೂ ಒದ್ದೆ ಮಣ್ಣಿನಲ್ಲಿಯೂ ವಾರಗಟ್ಟಲೆ ಜೀವಿಸಬಲ್ಲುದು. ಒಣಗಿದ ನೆಲದಲ್ಲಿ ಬೇಗನೆ ನಾಶವಾಗುವುದು. ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲಿ ಗದ್ದೆಗಿಳಿದವರನ್ನು ಕಾಡುವ ಇಲಿಜ್ವರವೂ ಇದೇ ಕುಲದ ಜೀವಿಯ ಕೃತ್ಯ. ಅಮೆರಿಕದ ಕುದುರೆಗಳಲ್ಲಿ ಲೆಪ್ಟೊಸ್ಪೈರಾದ ಪೊಮೋನಾ ಎಂಬ ಬಗೆಯೂ, ಜರ್ಮನಿಯಲ್ಲಿ ಗ್ರಿಪ್ಪೊಟೈಫೋಸಾ ಎಂಬುದೂ ಹೆಚ್ಚಾಗಿ ಕಂಡುಬಂದಿವೆ.

ಸೋಂಕು ತಗಲಿದಾಗ ಬರುವ ಜ್ವರ ಅಲ್ಪವಾದುದರಿಂದ ಬಹುಮಟ್ಟಿಗೆ ಒಡೆಯನ ಗಮನಕ್ಕೇ ಬಾರದು. ಕಣ್ಣಿನ ಬಾಧೆ ತಲೆದೋರುವುದು ತಿಂಗಳುಗಳ, ಒಮ್ಮೊಮ್ಮೆ ವರ್ಷಗಳ ಅನಂತರ. ಈ ದೀರ್ಘ ಅಂತರವೇ ಕಾರಣವನ್ನು ಇಷ್ಟು ಕಾಲ ಮರೆಮಾಡಿತೆಂದು ನನಗೆ ತೋರುತ್ತದೆ. ಸೂಕ್ಷ್ಮಜೀವಿಯ ಕೆಲವು ಪ್ರೋಟೀನುಗಳು ಕಣ್ಣಿನ ಮಸೂರ ಹಾಗೂ ಅಕ್ಷಿಪಟಲದ ಪ್ರೋಟೀನುಗಳನ್ನು ಹೋಲುವುದರಿಂದ, ಶತ್ರುವನ್ನು ಗುರುತಿಸಲು ಕಲಿತ ದೇಹರಕ್ಷಣಾ ವ್ಯವಸ್ಥೆಯು ಸ್ವಂತ ಕಣ್ಣಿನ ಮೇಲೆಯೇ ತಿರುಗಿಬೀಳುವುದು.

ಪರಿಸರವೊಂದನ್ನೇ ದೂರುವುದು ನ್ಯಾಯವಲ್ಲ: ಚುಕ್ಕೆಮೈಯ ಅಪ್ಪಲೂಸಾ ತಳಿಗೆ ಈ ರೋಗ ವಿಶೇಷವಾಗಿ ತಗಲುವುದರಲ್ಲಿ ಆನುವಂಶಿಕತೆಯ ಪಾತ್ರ ಸ್ಪಷ್ಟವಾಗಿದೆ. ಸಣ್ಣ ಕಚ್ಚುನೊಣಗಳು ಹರಡುವ ಆಂಕೊಸರ್ಕಾ ಹುಳುವಿನ ಮರಿಗಳೂ ಕಣ್ಣನ್ನು ಕೆರಳಿಸಬಲ್ಲವು. ತೀಕ್ಷ್ಣ ಬಿಸಿಲಿನ ಅತಿನೇರಳೆ ಕಿರಣಗಳಾದರೋ ಬಿಳಿಚರ್ಮದ ರೆಪ್ಪೆಗಳಲ್ಲಿ ಅರ್ಬುದವನ್ನು ಹುಟ್ಟಿಸುವ ಬೇರೆಯೇ ಅಪಾಯ.

ಯುವೈಟಿಸ್ ಒಂದೊಂದು ಸಲ ಮರುಕಳಿಸಿದಾಗಲೂ ಕಣ್ಣಿನೊಳಗೆ ಅಳಿಯದ ಗಾಯವುಳಿಯುವುದು. ಆದಕಾರಣ ಕುದುರೆ ಸಾಕುವವರು ಲಾಯದ ಬಳಿ ನೀರು ನಿಲ್ಲಗೊಡದೆ, ಇಲಿಗಳಿಂದ ದಾಣಿಯನ್ನು ಕಾಪಾಡಿ, ಕುದುರೆಯು ಕಣ್ಣು ಕಿರಿದುಮಾಡಿದ ದಿನವೇ, ಮನೆಮದ್ದಿಗೆ ಕೈಹಾಕದೆ, ಪಶುವೈದ್ಯರನ್ನು ಕರೆಸಬೇಕು.