ತಂಬೂರಿಗೆ ಒಳ್ಳೆ ದನಿ ಬರಲಿ



ನಮ್ಮ ನಾಡಿನಲ್ಲಿ ಹಾಡು ಇಲ್ಲದ ಊರಿಲ್ಲ. ಶಿಶುನಾಳ ಷರೀಫರ (1819–1889) ತತ್ವಪದಗಳನ್ನು ಇಂದಿಗೂ ಏಕತಾರಿ, ತಂಬೂರಿ ಹಿಡಿದು ಹಾಡುತ್ತಾರೆ. ಮೈಸೂರು, ಮಂಡ್ಯ, ಚಾಮರಾಜನಗರದ ಕಡೆ ನೀಲಗಾರರು ತಂಬೂರಿ ಮೀಟುತ್ತಾ ಮಂಟೇಸ್ವಾಮಿ ಕಥೆ ಹಾಡುತ್ತಾರೆ. ಹೆಂಗಸರ ಭಜನಾ ಮಂಡಳಿಗಳಂತೂ ಊರೂರಲ್ಲಿ ಇವೆ.

ಅಂಗಡಿಯ ತಂಬೂರಿಗೆ ದುಡ್ಡು ಬಹಳ. ಅದಕ್ಕೇ ಎಷ್ಟೋ ಜನ ಮನೆಯಲ್ಲೇ ತಂಬೂರಿ ಮಾಡಿಕೊಳ್ಳುತ್ತಾರೆ. ಒಣಗಿದ ಸೋರೆ ಬುರುಡೆ, ಒಂದು ಬಿದಿರು ಅಥವಾ ಮರದ ದಂಡಿ, ನಾಲ್ಕು ತಂತಿ. ಇಷ್ಟಿದ್ದರೆ ಆಯಿತು.

ಆದರೆ ಮಾಡಿದ ಮೇಲೆ ಒಂದು ತೊಂದರೆ ಬರುತ್ತದೆ. ಮೀಟಿದರೆ "ಝುಂ" ಅನ್ನುವುದಿಲ್ಲ. "ಕರ್ ಕರ್" ಅನ್ನುತ್ತದೆ. ಬಿರಡೆ ತಿರುಗಿಸಿದರೆ ತಂತಿ ತುಂಡಾಗುತ್ತದೆ. "ಇದು ಸರಿಯಾಗಲ್ಲ ಬಿಡು" ಅಂತ ತಂಬೂರಿ ಗೋಡೆಯ ಮೊಳೆ ಸೇರುತ್ತದೆ. ಅದರ ಮೇಲೆ ಜೇಡ ಬಲೆ ಕಟ್ಟುತ್ತದೆ.

ಬುರುಡೆ ಚೆನ್ನಾಗಿರುತ್ತದೆ. ತಂತಿಯೂ ಚೆನ್ನಾಗಿರುತ್ತದೆ. ಎಷ್ಟೋ ಸಲ ತಪ್ಪು ಇರುವುದು ಒಂದು ಚಿಕ್ಕ ಜಾಗದಲ್ಲಿ. ಆ ಜಾಗದ ಹೆಸರು ಮೇರು. ಅದನ್ನು ನಾವೇ ಸರಿ ಮಾಡಬಹುದು. ಹೇಗೆ ಅಂತ ಓದೋಣ.

ಮೇರು ಅಂದರೆ ಏನು?

ತಂಬೂರಿಯನ್ನು ಎದುರಿಗೆ ಇಟ್ಟುಕೊಳ್ಳಿ. ಕೆಳಗೆ ಬುರುಡೆ ಇದೆ. ಬುರುಡೆಯ ಬಾಯಿಗೆ ತೆಳು ಹಲಗೆ ಅಥವಾ ಚರ್ಮ ಹಾಕಿದ್ದಾರೆ. ಅದರ ಮೇಲೆ ಒಂದು ಮರದ ತುಂಡು ನಿಂತಿದೆ. ಅದು ಕುದುರೆ. ತಂತಿಗಳು ಕುದುರೆಯ ಮೇಲೆ ಹಾದು ಹೋಗುತ್ತವೆ.

ಈಗ ಮೇಲೆ ನೋಡಿ. ತಂತಿ ಸುತ್ತುವ ಗೂಟಗಳಿವೆ. ಅವು ಬಿರಡೆ. ಬಿರಡೆಗಿಂತ ಸ್ವಲ್ಪ ಕೆಳಗೆ, ದಂಡಿಗೆ ಅಡ್ಡವಾಗಿ ಒಂದು ಸಣ್ಣ ಪಟ್ಟಿ ಇದೆ. ಅದೇ ಮೇರು. ಮೇರುವಿನಲ್ಲಿ ಸಣ್ಣ ಸಣ್ಣ ಕಚ್ಚುಗಳಿವೆ. ಒಂದು ತಂತಿಗೆ ಒಂದು ಕಚ್ಚು. ನಿಮ್ಮ ಕಡೆ ಇವಕ್ಕೆ ಬೇರೆ ಹೆಸರು ಇರಬಹುದು. ಹೆಸರು ಯಾವುದಾದರೂ ಕೆಲಸ ಒಂದೇ.

ತಂತಿ ಹಾಡುವುದು ಕುದುರೆಗೂ ಮೇರುವಿಗೂ ನಡುವೆ. ಈ ಎರಡು ಕಡೆ ತಂತಿ ಗಟ್ಟಿಯಾಗಿ ಕೂತಿರಬೇಕು. ನಡುವೆ ಎಲ್ಲೂ ಏನೂ ತಾಗಬಾರದು.

ಬಟ್ಟೆ ಒಣಗಿಸುವ ಹಗ್ಗವನ್ನು ನೆನೆಸಿಕೊಳ್ಳಿ. ಎರಡು ಕಡೆ ಗೂಟ ಎತ್ತರವಾಗಿದ್ದರೆ ಸೀರೆ ಗಾಳಿಯಲ್ಲಿ ಆರಾಮಾಗಿ ಆಡುತ್ತದೆ. ಒಂದು ಗೂಟ ಗಿಡ್ಡ ಆದರೆ? ಸೆರಗು ನೆಲಕ್ಕೆ ತಾಗುತ್ತದೆ, ಮಣ್ಣಾಗುತ್ತದೆ. ತಂತಿಯೂ ಹಾಗೆಯೇ. ಮೇರುವಿನ ಕಚ್ಚು ಬಹಳ ಆಳವಾದರೆ ತಂತಿ ತಗ್ಗುತ್ತದೆ. ಮೀಟಿದಾಗ ದಂಡಿಗೆ ಬಡಿಯುತ್ತದೆ. "ಕರ್ ಕರ್" ಸದ್ದು ಬರುತ್ತದೆ.

ಕಚ್ಚು ಬಹಳ ಮೇಲಿದ್ದರೂ ಕಷ್ಟ. ಬಿರಡೆಯ ಕಡೆಗೆ ತಂತಿ ಕಡಿದಾಗಿ ಇಳಿಯುತ್ತದೆ. ಬಿರಡೆ ತಿರುಗಿಸಿದಾಗ ತಂತಿ ನಯವಾಗಿ ಜಾರುವುದಿಲ್ಲ. ಹಿಡಿದುಕೊಳ್ಳುತ್ತದೆ. ಆಮೇಲೆ "ಟಿಣ್" ಅಂತ ಒಮ್ಮೆಲೇ ಜಿಗಿಯುತ್ತದೆ. ಅದೇ ಜಾಗದಲ್ಲಿ ಬಗ್ಗಿ ಬಗ್ಗಿ ತುಂಡಾಗುತ್ತದೆ.

ಒಂದು ಕಚ್ಚು ಮೇಲೆ, ಒಂದು ಕೆಳಗೆ ಇದ್ದರೂ ಆಗದು. ಬೆರಳು ಒಂದು ತಂತಿಗೆ ಜೋರಾಗಿ ತಾಗುತ್ತದೆ, ಇನ್ನೊಂದಕ್ಕೆ ತಾಗುವುದೇ ಇಲ್ಲ.

ಯಾವ ಸದ್ದು ಒಳ್ಳೆಯದು, ಯಾವುದು ಕೆಟ್ಟದ್ದು?

ತಂಬೂರಿಗೆ ಒಂದು ಝೇಂಕಾರ ಬೇಕೇ ಬೇಕು. ದುಂಬಿ ಗುಂಯ್‌ಗುಟ್ಟಿದ ಹಾಗೆ. ಅದು ಬರುವುದು ಕುದುರೆಯಿಂದ. ಕುದುರೆಯ ಮೇಲೆ, ತಂತಿಯ ಕೆಳಗೆ, ಹತ್ತಿಯ ಅಥವಾ ರೇಷ್ಮೆಯ ಎಳೆ ಇಡುತ್ತಾರೆ. ಅದಕ್ಕೆ ಜೀವಾಳ ಅನ್ನುತ್ತಾರೆ. ಎಳೆಯನ್ನು ಅತ್ತ ಇತ್ತ ಸರಿಸಿದರೆ ಒಂದು ಜಾಗದಲ್ಲಿ ನಾದ ಅರಳುತ್ತದೆ. ಈ ಸದ್ದು ಒಳ್ಳೆಯದು. ಇದನ್ನು ಕೆಡಿಸಬೇಡಿ.

ಮೇರುವಿನಿಂದ ಬರುವ ಸದ್ದು ಬೇರೆ. ತಗಡು ಬಡಿದ ಹಾಗೆ ಒರಟಾಗಿರುತ್ತದೆ. ಅದು ಬರಬಾರದು.

ತಪ್ಪು ಎಲ್ಲಿದೆ? ಮೊದಲು ಹುಡುಕಿ

ರೋಗ ತಿಳಿಯದೆ ಮದ್ದು ಕೊಡಬಾರದು. ಅರ ಹಿಡಿಯುವ ಮೊದಲು ಈ ನಾಲ್ಕು ಪರೀಕ್ಷೆ ಮಾಡಿ.

1. ಒಂದು ಸಣ್ಣ ಕಾಗದದ ಚೂರು ತಗೊಳ್ಳಿ. ಸದ್ದು ಬರುವ ತಂತಿಯ ಕೆಳಗೆ, ಮೇರುವಿನ ಕಚ್ಚಿನಲ್ಲಿ ಇಡಿ. ಈಗ ಮೀಟಿ. "ಕರ್ ಕರ್" ನಿಂತರೆ ತಪ್ಪು ಆ ಕಚ್ಚಿನದೇ.

2. ಮೇರುವಿನ ಹತ್ತಿರ, ತಂತಿಗೂ ದಂಡಿಗೂ ನಡುವೆ ಬೆಂಕಿಕಡ್ಡಿ ತೂರಿಸಿ. ಒಂದರ ಮೇಲೊಂದು ಎರಡು ಕಡ್ಡಿ ಇಟ್ಟರೂ ತಂತಿಗೆ ತಾಗಬಾರದು. ತಾಗಿದರೆ ತಂತಿ ತಗ್ಗಿದೆ ಅಂತ ತಿಳಿಯಿರಿ.

3. ದಂಡಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಒಂದು ತುದಿಯಿಂದ ನೋಡಿ. ದಂಡಿ ಬಾಗಿದೆಯಾ? ಬಾಗಿದ್ದರೆ ಕಚ್ಚು ಸರಿ ಮಾಡಿದರೂ ಪೂರಾ ಗುಣವಾಗದು. ಬಡಗಿಗೆ ತೋರಿಸಿ.

4. ಬಿರಡೆ ಅಲ್ಲಾಡುತ್ತದೆಯಾ? ಬುರುಡೆಯಲ್ಲಿ ಬಿರುಕು ಇದೆಯಾ? ಬೆರಳಿನಿಂದ ತಟ್ಟಿ ನೋಡಿ. ಬಿರುಕು ಬಿಟ್ಟ ಬುರುಡೆಯೂ "ಕರ್ ಕರ್" ಅನ್ನುತ್ತದೆ.

ಇನ್ನೊಂದು ಮಾತು. ಚರ್ಮ ಹೊದಿಸಿದ ತಂಬೂರಿ ಮಳೆಗಾಲದಲ್ಲಿ ಸಡಿಲವಾಗುತ್ತದೆ. ಚರ್ಮ ತಗ್ಗಿದರೆ ಕುದುರೆಯೂ ತಗ್ಗುತ್ತದೆ, ತಂತಿಯೂ ತಗ್ಗುತ್ತದೆ. ಆಗ ಮೇರುವಿನ ತಪ್ಪು ಏನೂ ಇರುವುದಿಲ್ಲ. ಬಿಸಿಲು ಬಂದು, ಚರ್ಮ ಒಣಗಿ ಬಿಗಿಯಾದ ಮೇಲೆ ಪರೀಕ್ಷೆ ಮಾಡಿ. ಥಂಡಿಯಲ್ಲಿ ಅರ ಮುಟ್ಟಬೇಡಿ.

ಏನೇನು ಬೇಕು?

- ಒಂದು ಸಣ್ಣ, ತೆಳುವಾದ ಅರ. ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ.
- ನುಣುಪಾದ ಮರಳು ಕಾಗದ.
- ಸೀಸದ ಕಡ್ಡಿ, ಅಂದರೆ ಪೆನ್ಸಿಲ್.
- ಒಂದು ಹಳೆ ಬಟ್ಟೆ.
- ಒಂದು ಚೀಟಿ.

"ಅರ, ಗರಗಸ ಎಲ್ಲ ಗಂಡಸರ ಸಾಮಾನು" ಅಂತ ಯಾರಾದರೂ ಅಂದಾರು. ಈಳಿಗೆ ಮಣೆ, ಕುಡುಗೋಲು ಹಿಡಿದು ದಿನಾ ಕೆಲಸ ಮಾಡುವ ಕೈ ನಮ್ಮದು. ಅರ ಅದಕ್ಕಿಂತ ದೊಡ್ಡದೇನಲ್ಲ.

ಕಚ್ಚು ಇಳಿಸುವುದು ಹೇಗೆ?

ತಂತಿ ಬಹಳ ಮೇಲಿದ್ದರೆ ಕಚ್ಚನ್ನು ಆಳ ಮಾಡಬೇಕು.

ಮೊದಲು ಒಂದೇ ತಂತಿಯನ್ನು ಸಡಿಲ ಮಾಡಿ. ಎಲ್ಲಾ ತಂತಿ ಒಟ್ಟಿಗೆ ಬಿಚ್ಚಬೇಡಿ. ಮನೆಯಲ್ಲಿ ಮಾಡಿದ ತಂಬೂರಿಯಲ್ಲಿ ಎಷ್ಟೋ ಸಲ ತಂತಿಯ ಬಿಗಿಗೇ ಕುದುರೆ ನಿಂತಿರುತ್ತದೆ. ಎಲ್ಲ ಬಿಚ್ಚಿದರೆ ಕುದುರೆ ಬೀಳುತ್ತದೆ, ಜಾಗ ತಪ್ಪುತ್ತದೆ. ಬಿಗಿ ಇರುವ ಉಕ್ಕಿನ ತಂತಿ ತುಂಡಾದರೆ ಕಣ್ಣಿಗೆ ಹೊಡೆಯಬಹುದು. ಮುಖ ದೂರ ಇಟ್ಟು ನಿಧಾನವಾಗಿ ಸಡಿಲಿಸಿ. ಮಕ್ಕಳನ್ನು ದೂರ ಕೂರಿಸಿ.

ಸಡಿಲವಾದ ತಂತಿಯನ್ನು ಕಚ್ಚಿನಿಂದ ಎತ್ತಿ ಪಕ್ಕಕ್ಕೆ ಇಡಿ.

ಅರವನ್ನು ಕಚ್ಚಿನಲ್ಲಿ ಇಟ್ಟು ಎರಡು ಸಲ ಎಳೆಯಿರಿ. ಮೂರು ಸಲ ಸಾಕೋ ಸಾಕು. ನಿಲ್ಲಿಸಿ. ತಂತಿ ಕೂರಿಸಿ, ಬಿಗಿ ಮಾಡಿ, ಮೀಟಿ, ಕೇಳಿ. ಸಾಲದಿದ್ದರೆ ಮತ್ತೆ ಎರಡು ಸಲ.

ಸಾರಿಗೆ ಉಪ್ಪು ಹಾಕುವುದು ನಮಗೆ ಗೊತ್ತು. ಕಡಿಮೆಯಾದರೆ ಇನ್ನಷ್ಟು ಹಾಕಬಹುದು. ಹೆಚ್ಚಾದರೆ ತೆಗೆಯಲಾಗದು. ಇದೂ ಹಾಗೆಯೇ. ಕೊಯ್ದ ಮರ ಮತ್ತೆ ಬೆಳೆಯುವುದಿಲ್ಲ.

ಅರ ಎಳೆಯುವಾಗ ಮೂರು ಸಂಗತಿ ನೆನಪಿರಲಿ.

ಒಂದು, ಇಳಿಜಾರು. ಹೊಲದ ಕಾಲುವೆಯ ಹಾಗೆ ಕಚ್ಚು ಬಿರಡೆಯ ಕಡೆಗೆ ಸ್ವಲ್ಪ ಇಳಿದಿರಬೇಕು. ಕುದುರೆಯ ಕಡೆಯ ಅಂಚು ಎತ್ತರ, ಬಿರಡೆಯ ಕಡೆಯ ಅಂಚು ತಗ್ಗು. ಆಗ ತಂತಿ ಮುಂದಿನ ಅಂಚಿನ ಮೇಲೆ ಗಟ್ಟಿಯಾಗಿ ಕೂರುತ್ತದೆ. ತಿರುವು ಮುರುವು ಆದರೆ ಕಚ್ಚಿನ ಒಳಗೇ ತಂತಿ ಅದುರುತ್ತದೆ. ಕೆಟ್ಟ ಸದ್ದು ಬರುತ್ತದೆ.

ಎರಡು, ಅಗಲ. ಕಚ್ಚು ತಂತಿಯಷ್ಟೇ ಅಗಲ ಇರಲಿ. ಅಗಲವಾದರೆ ತಂತಿ ಅತ್ತ ಇತ್ತ ಆಡುತ್ತದೆ. ಇಕ್ಕಟ್ಟಾದರೆ ತಂತಿ ಸಿಕ್ಕಿಕೊಳ್ಳುತ್ತದೆ. ಮಂದ್ರದ ತಂತಿ ದಪ್ಪ. ಅದರ ಕಚ್ಚು ಸ್ವಲ್ಪ ಅಗಲ ಬೇಕು.

ಮೂರು, ಆಳ. ತಂತಿಯ ಅರ್ಧ ಭಾಗ ಕಚ್ಚಿನ ಒಳಗೆ, ಅರ್ಧ ಮೇಲೆ ಕಾಣಬೇಕು. ಗಾಡಿಯ ಚಕ್ರ ಜಾಡಿನಲ್ಲಿ ಕೂತ ಹಾಗೆ. ಪೂರಾ ಹೂತು ಹೋಗಬಾರದು.

ಕೆಲಸ ಮುಗಿದ ಮೇಲೆ ಮರಳು ಕಾಗದವನ್ನು ಮಡಚಿ ಕಚ್ಚನ್ನು ನಯ ಮಾಡಿ. ಪುಡಿಯನ್ನು ಬಟ್ಟೆಯಿಂದ ಒರೆಸಿ. ಪೆನ್ಸಿಲನ್ನು ಕಚ್ಚಿನಲ್ಲಿ ಉಜ್ಜಿ. ಪೆನ್ಸಿಲಿನ ಕಪ್ಪು ಪುಡಿ ಎಣ್ಣೆಯ ಹಾಗೆ ಕೆಲಸ ಮಾಡುತ್ತದೆ. ತಂತಿ ನಯವಾಗಿ ಜಾರುತ್ತದೆ.

ಕಚ್ಚು ಆಳವಾಗಿ ಹೋಗಿದ್ದರೆ?

ಹೆದರಬೇಡಿ. ಇದಕ್ಕೂ ದಾರಿ ಇದೆ.

ಎಲ್ಲಾ ಕಚ್ಚುಗಳೂ ಆಳವಾಗಿದ್ದರೆ ಮೇರುವನ್ನೇ ಎತ್ತರಿಸಿ. ಮೇರುವನ್ನು ಮೆಲ್ಲಗೆ ಬಿಡಿಸಿ. ಅದರ ಅಡಿಗೆ ದಪ್ಪ ಕಾಗದ ಅಥವಾ ತೆಳು ಮರದ ಚೂರು ಇಟ್ಟು ಮತ್ತೆ ಅಂಟಿಸಿ. ಇದೊಂದು ಕೆಲಸಕ್ಕೆ ಎಲ್ಲ ತಂತಿಯನ್ನೂ ಸಡಿಲ ಮಾಡಲೇಬೇಕು. ಆದ್ದರಿಂದ ಕುದುರೆ ಎಲ್ಲಿದೆ ಅಂತ ಮೊದಲೇ ಪೆನ್ಸಿಲಿನಿಂದ ಗುರುತು ಹಾಕಿ.

ಒಂದೇ ಕಚ್ಚು ಆಳವಾಗಿದ್ದರೆ ಅದನ್ನು ತುಂಬಿ. ಗಟ್ಟಿ ಮರವನ್ನು ಅರದಿಂದ ಉಜ್ಜಿದರೆ ಸಣ್ಣ ಪುಡಿ ಬರುತ್ತದೆ. ಆ ಪುಡಿಯನ್ನು ಮರದ ಅಂಟಿನಲ್ಲಿ ಕಲಸಿ ಕಚ್ಚಿಗೆ ತುಂಬಿ. ಒಂದು ದಿನ ಪೂರಾ ಒಣಗಲಿ. ಆಮೇಲೆ ಹೊಸದಾಗಿ ಕಚ್ಚು ಹಾಕಿ.

ಮೇರು ಪೂರಾ ಸವೆದಿದ್ದರೆ ಹೊಸದು ಮಾಡಿ. ಮೆದು ಮರ ಬೇಡ, ತಂತಿ ಅದನ್ನು ಬೇಗ ಕೊರೆಯುತ್ತದೆ. ಹುಣಸೆ ಮರದ ಚೇಗು, ಬೀಟೆ ಮರದ ಚೂರು ಒಳ್ಳೆಯದು. ಹಿಂದೆ ಜಿಂಕೆ ಕೊಂಬು, ಆನೆ ದಂತ ಬಳಸುತ್ತಿದ್ದರು. ಈಗ ಅದು ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕಾಡುಪ್ರಾಣಿಗಳನ್ನು ಕಾಪಾಡುತ್ತದೆ. ಅವುಗಳ ಕೊಂಬು, ದಂತ ಕೊಳ್ಳುವುದೂ ಮಾರುವುದೂ ಅಪರಾಧ.

ಮಂಡಳಿಯಲ್ಲಿ ಬರುವ ಮಾತು

"ದೊಡ್ಡಮ್ಮ, ನಮ್ದು ಏಕತಾರಿ. ಒಂದೇ ತಂತಿ. ಅದಕ್ಕೂ ಇದೇ ಲೆಕ್ಕಾನಾ?"

"ಹೂಂ ಕಣವ್ವ. ಮೇರು, ಕಚ್ಚು ಇದ್ರೆ ಒಂದಾದ್ರೇನು, ನಾಲ್ಕಾದ್ರೇನು? ಇಳಿಜಾರು, ಅಗಲ, ಆಳ. ಈ ಮೂರು ನೋಡ್ಕೊ."

"ಬಡಗಿ ಹತ್ರ ಕೊಟ್ರೆ ಆಗಲ್ವಾ?"

"ಆಗುತ್ತೆ. ಆದ್ರೆ ಬಡಗಿಗೆ ಮರ ಗೊತ್ತು, ನಾದ ಗೊತ್ತಿರಬೇಕು ಅಂತೇನಿಲ್ಲ. ದಿನಾ ಕೇಳೋ ಕಿವಿ ನಿಂದು. ನೀನೇ ಪಕ್ಕದಲ್ಲಿ ಕೂತು ಕೇಳಿ ಹೇಳ್ಬೇಕು."

"ಈಗ ಮೊಬೈಲಲ್ಲೇ ತಂಬೂರಿ ಸದ್ದು ಬರುತ್ತಲ್ಲ ದೊಡ್ಡಮ್ಮ. ಇಷ್ಟೆಲ್ಲ ಯಾಕೆ?"

"ಬರುತ್ತೆ, ಬೇಡ ಅನ್ನಲ್ಲ. ಕರೆಂಟ್ ಇಲ್ದಾಗ ಮೊಬೈಲ್ ಸತ್ತಿರುತ್ತೆ. ತಂಬೂರಿ ಸಾಯಲ್ಲ. ಅದೂ ಅಲ್ದೆ, ನಾವೇ ಮಾಡಿದ್ದು, ನಾವೇ ಸರಿ ಮಾಡ್ಕೊಂಡಿದ್ದು. ಆ ಖುಷಿನೇ ಬೇರೆ ಕಣವ್ವ."

ಕಷ್ಟದ ಕೆಲಸಕ್ಕೆ ಪಳಗಿದ ಕೈಗಳೂ ಇವೆ. ನಮ್ಮ ಗಡಿಗೆ ಹತ್ತಿರದ, ಮಹಾರಾಷ್ಟ್ರದ ಮಿರಜ್ ಊರು ಸಿತಾರ, ತಂಬೂರಿಗೆ ಹೆಸರುವಾಸಿ. ಮೈಸೂರಿನಲ್ಲಿ ವೀಣೆ ಮಾಡುವ ಮನೆತನಗಳಿವೆ. ಕುದುರೆ ಸವೆದರೆ, ಬುರುಡೆ ಒಡೆದರೆ ಅಂಥವರಿಗೆ ತೋರಿಸುವುದು ಒಳ್ಳೆಯದು. ಕಚ್ಚಿನ ಕೆಲಸಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ.

ಚೀಟಿಯಲ್ಲಿ ಬರೆದಿಡಿ

ಚೀಟಿ ಯಾಕೆ ಬೇಕು ಅಂತ ಕೇಳಿದಿರಾ? ಈಗ ನಮಗೆ ಬರೆಯಲು ಬರುತ್ತದೆ. ಬರೆದಿಟ್ಟರೆ ಮರೆಯುವುದಿಲ್ಲ. ಹೀಗೆ ಬರೆಯಿರಿ:

ದಿನಾಂಕ:
ಯಾವ ತಂತಿ: ಒಂದನೆಯದು / ಎರಡನೆಯದು / ಮೂರನೆಯದು / ನಾಲ್ಕನೆಯದು
ಅರ ಎಷ್ಟು ಸಲ ಎಳೆದೆ:
ಸದ್ದು ಹೇಗಾಯಿತು:

ಈ ಚೀಟಿಯನ್ನು ತಂಬೂರಿಯ ಚೀಲದಲ್ಲಿ ಇಡಿ. ಮುಂದೆ ಯಾರು ತಂಬೂರಿ ಹಿಡಿದರೂ ಅವರಿಗೆ ದಾರಿ ತಿಳಿಯುತ್ತದೆ. ನಿಮ್ಮ ಮಗಳಿಗೂ ತಿಳಿಯುತ್ತದೆ.

ನೆನಪಿಡಿ

- ಮೊದಲು ಪರೀಕ್ಷೆ, ಆಮೇಲೆ ಅರ.
- ಕಚ್ಚು ಇಳಿಸುವಾಗ ಒಂದು ಸಲಕ್ಕೆ ಒಂದೇ ತಂತಿ.
- ಎರಡು ಸಲ ಎಳೆದು ನಿಲ್ಲಿಸಿ, ಕೇಳಿ.
- ಇಳಿಜಾರು ಬಿರಡೆಯ ಕಡೆಗೆ.
- ತಂತಿ ಅರ್ಧ ಒಳಗೆ, ಅರ್ಧ ಮೇಲೆ.

ಹೇಳಿ ನೋಡೋಣ

1. ಮೇರು ಎಲ್ಲಿರುತ್ತದೆ? ಕುದುರೆ ಎಲ್ಲಿರುತ್ತದೆ?
2. ಕಚ್ಚು ಬಹಳ ಆಳವಾದರೆ ಏನಾಗುತ್ತದೆ?
3. ಮಳೆಗಾಲದಲ್ಲಿ ಅರ ಮುಟ್ಟಬಾರದು. ಯಾಕೆ?
4. ನಿಮ್ಮ ಊರಿನಲ್ಲಿ ತಂಬೂರಿ, ಏಕತಾರಿ ಯಾರ ಮನೆಯಲ್ಲಿವೆ? ಅವುಗಳಲ್ಲಿ ಎಷ್ಟು ಹಾಡುತ್ತಿವೆ, ಎಷ್ಟು ಗೋಡೆಗೆ ನೇತಾಡುತ್ತಿವೆ? ಕೇಳಿ ಬಂದು ಬರೆಯಿರಿ.