ಷೇಕ್ಸ್‌ಪಿಯರನ ನಾಟಕಗಳನ್ನು ಬರೆದವರು ಯಾರು?

ಷೇಕ್ಸ್‌ಪಿಯರ್ ಮಹಾಕವಿಯ ಹೆಸರನ್ನು ಕೇಳದ ವಿದ್ಯಾರ್ಥಿನಿಯರು ವಿರಳ. ನಮ್ಮಲ್ಲಿ ಅನೇಕರು ಮೊದಲು ಲ್ಯಾಂಬರ ಕಥೆಗಳಲ್ಲಿಯೂ ಅನಂತರ ಮೂಲ ನಾಟಕಗಳಲ್ಲಿಯೂ ಪೋರ್ಷಿಯಾ, ಕಾರ್ಡೀಲಿಯಾ, ಮಿರಾಂಡಾ ಮೊದಲಾದವರ ಪರಿಚಯವನ್ನು ಮಾಡಿಕೊಂಡಿರುವೆವು. ಕನ್ನಡದಲ್ಲಿಯೂ ಲಿಯರ್ ರಾಜನ ಕಥೆಯು ಎಂ. ಎಸ್. ಪುಟ್ಟಣ್ಣನವರ ‘ಹೇಮಚಂದ್ರರಾಜ ವಿಲಾಸ’ವಾಗಿಯೂ, ಮಿರಾಂಡಳ ಕಥೆಯು ಕುವೆಂಪುರವರ ‘ಬಿರುಗಾಳಿ’ಯಾಗಿಯೂ ಬಂದಿವೆ. ಇಂತಹ ನಾಟಕಗಳನ್ನು ರಚಿಸಿದವನು ಷೇಕ್ಸ್‌ಪಿಯರನೇ ಅಲ್ಲ, ಮತ್ತಾರೋ ಮಹನೀಯರು ಆತನ ಹೆಸರಿನ ಮರೆಯಲ್ಲಿ ನಿಂತು ಬರೆದರು ಎಂದು ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ವಾದಿಸುತ್ತ ಬಂದಿರುವವರುಂಟು. ಈ ವಾದವು ಹೇಗೆ ಹುಟ್ಟಿತು, ಅದಕ್ಕೆ ಆಧಾರವೇನು, ಆ ಆಧಾರವು ಪರೀಕ್ಷೆಗೆ ನಿಲ್ಲುವುದೇ ಎಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಿಸೋಣ.

ಮೊದಲು ಕವಿಯ ಚರಿತ್ರೆಯಲ್ಲಿ ನಿಶ್ಚಯವಾಗಿ ತಿಳಿದಿರುವ ಅಂಶಗಳನ್ನು ನೋಡುವುದು ಯುಕ್ತವು. ವಿಲಿಯಂ ಷೇಕ್ಸ್‌ಪಿಯರನು ಇಂಗ್ಲೆಂಡಿನಲ್ಲಿ ಏವನ್ ನದಿಯ ತೀರದ ಸ್ಟ್ರಾಟ್‌ಫರ್ಡ್ ಪಟ್ಟಣದವನು. ಅಲ್ಲಿಯ ದೇವಾಲಯದ ದಫ್ತರದಲ್ಲಿ ೧೫೬೪ನೆಯ ಇಸವಿ ಏಪ್ರಿಲ್ ೨೬ರಂದು ಆತನಿಗೆ ದೀಕ್ಷಾಸ್ನಾನವಾದುದು ಬರೆದಿದೆ. ತಂದೆಯಾದ ಜಾನನು ಕೈಗವಸುಗಳನ್ನು ಮಾಡಿ ಮಾರುತ್ತಿದ್ದವನು. ಕೆಲವು ಕಾಲ ಪಟ್ಟಣದ ಮುಖ್ಯಾಧಿಕಾರಿಯೂ ಆಗಿದ್ದನು. ಕವಿಯು ೧೫೮೨ರಲ್ಲಿ ಆನ್ ಹ್ಯಾಥವೇ ಎಂಬಾಕೆಯನ್ನು ವಿವಾಹವಾಗಿ, ಸುಸಾನಾ, ಜೂಡಿತ್ ಎಂಬ ಹೆಣ್ಣುಮಕ್ಕಳನ್ನೂ ಹ್ಯಾಮ್ನೆಟ್ ಎಂಬ ಮಗನನ್ನೂ ಪಡೆದನು. ಲಂಡನ್ ನಗರಕ್ಕೆ ಹೋಗಿ ನಟನಾಗಿಯೂ ನಾಟಕ ಮಂಡಲಿಯ ಪಾಲುದಾರನಾಗಿಯೂ ಧನ ಸಂಪಾದಿಸಿ, ಸ್ವಂತ ಊರಿನಲ್ಲಿ ದೊಡ್ಡ ಮನೆಯನ್ನು ಕೊಂಡು, ೧೬೧೬ರಲ್ಲಿ ಅಲ್ಲಿಯೇ ತೀರಿಕೊಂಡನು.

ಸಂದೇಹವಾದಿಗಳು ಕೇಳುವುದೇನೆಂದರೆ: ವಿಶ್ವವಿದ್ಯಾನಿಲಯದ ಮೆಟ್ಟಿಲನ್ನೇ ಹತ್ತದ ಈ ಕೈಗವಸಿನವನ ಮಗನಿಗೆ ರಾಜಸಭೆಯ ರೀತಿನೀತಿಗಳೂ, ನ್ಯಾಯಶಾಸ್ತ್ರದ ಮಾತುಗಳೂ, ಲ್ಯಾಟಿನ್ ಕಾವ್ಯಗಳೂ, ಇಟಲಿಯ ಪಟ್ಟಣಗಳೂ ಹೇಗೆ ತಿಳಿದವು? ಆತನ ಸ್ವಹಸ್ತವೆಂದು ಎಲ್ಲರೂ ಒಪ್ಪುವುದು ಆರು ರುಜುಗಳು ಮಾತ್ರ. ಅವುಗಳಲ್ಲಿಯೂ ಹೆಸರಿನ ಅಕ್ಷರಗಳು ಒಂದೇ ರೀತಿಯಾಗಿಲ್ಲ. ಮರಣಶಾಸನದಲ್ಲಿ ಹಾಸಿಗೆ, ಪಾತ್ರೆಗಳ ಪ್ರಸ್ತಾಪವಿದೆ. ಪುಸ್ತಕಗಳ ಮಾತೇ ಇಲ್ಲ. ಆತನ ಮಗಳಾದ ಜೂಡಿತಳು ೧೬೧೧ರಲ್ಲಿ ಒಂದು ಪತ್ರಕ್ಕೆ ಸಾಕ್ಷಿ ಹಾಕುವಾಗ ಹೆಸರನ್ನು ಬರೆಯದೆ ಗುರುತನ್ನು ಮಾತ್ರ ಹಾಕಿದ್ದಾಳೆ. ಮಗಳಿಗೆ ಅಕ್ಷರ ಕಲಿಸದವನು ಮಹಾಕವಿಯಾಗಿರಬಲ್ಲನೇ?

ಕವಿಯು ಬದುಕಿದ್ದಾಗ ಯಾರೂ ಈ ಸಂದೇಹವನ್ನೆತ್ತಿದಂತೆ ಕಂಡುಬರುವುದಿಲ್ಲ. ಇದನ್ನು ಲೋಕದ ಗಮನಕ್ಕೆ ತಂದವರಲ್ಲಿ ಅಗ್ರಗಣ್ಯಳು ಒಬ್ಬ ಉಪಾಧ್ಯಾಯಿನಿ. ಅಮೆರಿಕಾ ದೇಶದ ಡೀಲಿಯಾ ಬೇಕನ್ ಎಂಬಾಕೆಯು ೧೮೧೧ರಲ್ಲಿ ಒಬ್ಬ ಬಡ ಮಿಷನೆರಿಯ ಮಗಳಾಗಿ ಹುಟ್ಟಿದಳು. ಹದಿನಾಲ್ಕನೆಯ ವಯಸ್ಸಿಗೇ ಶಾಲೆಯನ್ನು ಬಿಡಬೇಕಾಯಿತು. ಆದರೂ ಸ್ವಪ್ರಯತ್ನದಿಂದ ವಿದ್ವಾಂಸಳಾಗಿ, ನಗರನಗರಗಳಲ್ಲಿ ಸ್ತ್ರೀಯರಿಗೆ ಚರಿತ್ರೆ ಸಾಹಿತ್ಯಗಳ ಮೇಲೆ ಉಪನ್ಯಾಸಗಳನ್ನು ಮಾಡಿ ಕೀರ್ತಿಯನ್ನು ಪಡೆದಳು. ಫ್ರಾನ್ಸಿಸ್ ಬೇಕನ್, ವಾಲ್ಟರ್ ರ್ಯಾಲೆ ಮೊದಲಾದ ಪಂಡಿತರು ಗುಟ್ಟಾಗಿ ಕೂಡಿ ಈ ನಾಟಕಗಳನ್ನು ಬರೆದರೆಂಬುದು ಆಕೆಯ ಮತ. ಈ ಫ್ರಾನ್ಸಿಸ್ ಬೇಕನನಿಗೂ ಆಕೆಗೂ ಹೆಸರಿನ ಹೊರತು ಸಂಬಂಧವಿಲ್ಲ. ಇಂಗ್ಲೆಂಡಿಗೆ ಹೋಗಿ, ಬಡತನದಲ್ಲಿ ಒಂಟಿಯಾಗಿದ್ದು, ಸ್ಟ್ರಾಟ್‌ಫರ್ಡಿನ ದೇವಾಲಯದಲ್ಲಿ ಕವಿಯ ಸಮಾಧಿಯ ಬಳಿ ಒಂದು ರಾತ್ರಿಯನ್ನು ಕಳೆದಳು. ಆದರೆ ಅದನ್ನು ತೆಗೆಯಿಸಲು ಧೈರ್ಯ ಬರಲಿಲ್ಲ. ೧೮೫೭ರಲ್ಲಿ ಆಕೆಯ ಗ್ರಂಥವು ನಥಾನಿಯೆಲ್ ಹಾಥಾರ್ನನ ಸಹಾಯದಿಂದ ಅಚ್ಚಾಯಿತು. ಸ್ವಲ್ಪ ಕಾಲದಲ್ಲಿಯೇ ಆಕೆಗೆ ಚಿತ್ತಭ್ರಮೆಯಾಗಿ, ೧೮೫೯ರಲ್ಲಿ ಸ್ವದೇಶದಲ್ಲಿ ಮೃತಳಾದಳು. ಶಾಲೆ ತಪ್ಪಿದರೂ ತಾನು ವಿದ್ಯೆಯನ್ನು ಗಳಿಸಿದ ಈ ಮಹಿಳೆಯು, ಕೈಗವಸಿನವನ ಮಗನಿಗೆ ಅದು ಸಾಧ್ಯವಾಗಿರಬಹುದೆಂದು ನಂಬದೆ ಹೋದುದು ಶೋಚನೀಯವಲ್ಲವೇ?

ಆಕೆಯ ಅನಂತರ ಬಂದವರು ನಾಟಕಗಳ ಅಕ್ಷರಗಳಲ್ಲಿಯೇ ಬೇಕನನ ಗುಪ್ತಸಂದೇಶವು ಅಡಗಿದೆಯೆಂದರು. ಇಗ್ನೇಷಿಯಸ್ ಡೊನೆಲಿ ಎಂಬವನು ೧೮೮೮ರಲ್ಲಿ ಈ ವಿಷಯವಾಗಿ ಭಾರಿ ಪುಸ್ತಕವನ್ನೇ ಬರೆದನು. ಆತನ ಕ್ರಮವನ್ನೇ ಹಿಡಿದು ಇತರರು ತಮಗೆ ಬೇಕಾದ ಬೇರೆ ವಾಕ್ಯಗಳನ್ನು ತೆಗೆದು ತೋರಿಸಿ ನಗೆಗೀಡುಮಾಡಿದರು. ೧೯೧೬ರಲ್ಲಿ ಎಲಿಜಬೆತ್ ಸ್ಮಿತ್ ಎಂಬ ತರುಣಿಯು ಇಲಿನಾಯ್ ಪ್ರಾಂತದಲ್ಲಿ ಇಂತಹದೇ ಶೋಧನೆಗೆ ಸಹಾಯಕಳಾಗಿ ಸೇರಿದಳು. ಹಿರಿಯರಿಗೆ ಕಾಣುತ್ತಿದ್ದ ಸಂದೇಶವು ಎಷ್ಟು ನೋಡಿದರೂ ಆಕೆಗೆ ಕಾಣಲಿಲ್ಲ. ಕಂಡಿತೆಂದು ಹೇಳಿ ಒಳ್ಳೆಯವಳೆನಿಸಿಕೊಳ್ಳದೆ, ಕಾಣದುದನ್ನು ಕಾಣಲಿಲ್ಲವೆಂದೇ ತಿಳಿದಳು. ಮುಂದೆ ವಿಲಿಯಂ ಫ್ರೀಡ್‌ಮನ್ ಎಂಬಾತನನ್ನು ವಿವಾಹವಾಗಿ, ಕಳ್ಳಸಾಗಣೆಗಾರರ ಮತ್ತು ಗೂಢಚಾರರ ಸಂಕೇತಗಳನ್ನು ಬಿಡಿಸುವುದರಲ್ಲಿ ಪ್ರಖ್ಯಾತಳಾದಳು. ದಂಪತಿಗಳಿಬ್ಬರೂ ೧೯೫೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಈ ಗುಪ್ತಲಿಪಿಗಳಲ್ಲಿ ಒಂದೂ ಶಾಸ್ತ್ರೀಯ ಪರೀಕ್ಷೆಗೆ ನಿಲ್ಲಲಾರದೆಂದು ತೋರಿಸಿಕೊಟ್ಟರು.

ಬೇಕನನ ಪಕ್ಷವು ಕುಗ್ಗಿದ ಮೇಲೆ ಆಕ್ಸ್‌ಫರ್ಡಿನ ಪ್ರಭುವಾದ ಎಡ್ವರ್ಡ್ ಡಿ ವೀರನ ಪಕ್ಷವು ಬಲಗೊಂಡಿತು. ೧೯೨೦ರಲ್ಲಿ ಲೂನಿ ಎಂಬ ಇಂಗ್ಲಿಷ್ ಉಪಾಧ್ಯಾಯನು ಈ ವಾದವನ್ನು ಹೂಡಿದನು. ಮನಶ್ಶಾಸ್ತ್ರಜ್ಞನಾದ ಫ್ರಾಯ್ಡನೂ ಅದಕ್ಕೆ ಒಲಿದನು. ಪ್ರಭುವು ಕವಿಯೂ ಹೌದು, ಇಟಲಿಯನ್ನು ಸಂಚರಿಸಿದವನೂ ಹೌದು. ಆದರೆ ಆತನು ೧೬೦೪ರಲ್ಲಿಯೇ ತೀರಿಕೊಂಡನು. ‘ಟೆಂಪೆಸ್ಟ್’ ನಾಟಕದಲ್ಲಿಯಾದರೋ ೧೬೦೯ರಲ್ಲಿ ಬರ್ಮ್ಯೂಡಾ ದ್ವೀಪದ ಬಳಿ ಹಡಗೊಡೆದ ವೃತ್ತಾಂತದ ಛಾಯೆಯು ಇದೆಯೆಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಪ್ರಭುವು ಬರೆದಿಟ್ಟುದನ್ನು ಇತರರು ಆಮೇಲೆ ಪೂರ್ತಿ ಮಾಡಿದರೆಂದು ಆ ಪಕ್ಷದವರು ಸಮಾಧಾನ ಹೇಳುವರು. ಅದಕ್ಕೆ ಪ್ರಮಾಣವನ್ನು ಮಾತ್ರ ತೋರಿಸಲಾರರು.

ಇನ್ನು ಷೇಕ್ಸ್‌ಪಿಯರನ ಪರವಾದ ಸಾಕ್ಷ್ಯವೇನು? ೧೫೯೮ರಲ್ಲಿ ಫ್ರಾನ್ಸಿಸ್ ಮೀರ್ಸ್ ಎಂಬ ಗ್ರಂಥಕರ್ತನು ಆತನ ಹನ್ನೆರಡು ನಾಟಕಗಳನ್ನು ಹೆಸರಿಸಿ ಹೊಗಳಿರುವನು. ಕವಿಯು ತನ್ನ ಮರಣಶಾಸನದಲ್ಲಿ ಹೆಮಿಂಜ್, ಕಾಂಡೆಲ್ ಎಂಬ ಜೊತೆಯ ನಟರಿಗೆ ನೆನಪಿನ ಉಂಗುರಗಳಿಗಾಗಿ ಹಣವನ್ನು ಬಿಟ್ಟಿರುವನು. ೧೬೨೩ರಲ್ಲಿ ಆತನ ಮೂವತ್ತಾರು ನಾಟಕಗಳನ್ನು ಒಂದೇ ಸಂಪುಟದಲ್ಲಿ ಮುದ್ರಿಸಿ ಕಾಪಾಡಿದವರು ಇದೇ ಇಬ್ಬರು. ಆ ಸಂಪುಟದ ಪ್ರಶಸ್ತಿಪದ್ಯಗಳಲ್ಲಿ, ಆತನೊಡನೆ ಒಡನಾಡಿದ್ದ ಬೆನ್ ಜಾನ್ಸನನು ಏವನ್ ನದಿಯ ಹೆಸರನ್ನೂ, ಲಿಯೊನಾರ್ಡ್ ಡಿಗ್ಸನು ಸ್ಟ್ರಾಟ್‌ಫರ್ಡಿನ ಸ್ಮಾರಕವನ್ನೂ ಸ್ಮರಿಸಿರುವರು. ಆದುದರಿಂದ ಸ್ಟ್ರಾಟ್‌ಫರ್ಡಿನವನೇ ನಟ, ನಟನೇ ಕವಿ ಎಂಬ ಸರಪಣಿಯಲ್ಲಿ ಯಾವ ಕೊಂಡಿಯೂ ಕಳಚಿಲ್ಲ.

ಕೆಲವು ನಾಟಕಗಳಲ್ಲಿ ಇತರರ ಕೈವಾಡವಿರುವುದು ನಿಜವೇ. ‘ಟೂ ನೋಬಲ್ ಕಿನ್ಸ್‌ಮನ್’ ನಾಟಕವು ೧೬೩೪ರಲ್ಲಿ ಅಚ್ಚಾದಾಗ ಮುಖಪುಟದಲ್ಲಿ ಫ್ಲೆಚರನ ಹೆಸರೂ ಇದ್ದಿತು. ಆಗಿನ ರಂಗಭೂಮಿಯಲ್ಲಿ ಕೂಡಿ ಬರೆಯುವುದು ರೂಢಿ. ಆದರೆ ಜೊತೆಗಾರರಿದ್ದರೆಂಬುದು ಬೇರೆ. ಕವಿಯೇ ಇರಲಿಲ್ಲವೆಂಬುದು ಬೇರೆ.

ವಿದ್ಯೆಯ ಪ್ರಶ್ನೆಯನ್ನೂ ನೋಡೋಣ. ಸ್ಟ್ರಾಟ್‌ಫರ್ಡಿನಲ್ಲಿ ಪಟ್ಟಣದ ಹುಡುಗರಿಗಾಗಿ ಒಂದು ಗ್ರಾಮರ್ ಶಾಲೆಯಿದ್ದಿತು. ಆಕ್ಸ್‌ಫರ್ಡಿನಲ್ಲಿ ಪದವಿಯನ್ನು ಪಡೆದವರು ಅಲ್ಲಿ ಉಪಾಧ್ಯಾಯರಾಗಿದ್ದರು. ಇಂತಹ ಶಾಲೆಗಳಲ್ಲಿ ಲ್ಯಾಟಿನ್ ಭಾಷೆಯೇ ಮುಖ್ಯ ಪಾಠ. ಆ ಕಾಲದ ಹಾಜರಿಪಟ್ಟಿಗಳು ಉಳಿದಿಲ್ಲವಾದರೂ, ಪಟ್ಟಣದ ಅಧಿಕಾರಿಯ ಮಗನು ಅಲ್ಲಿಯೇ ಓದಿರಬೇಕೆಂಬುದರಲ್ಲಿ ಆಶ್ಚರ್ಯವಿಲ್ಲ. ಆತನ ಸಮಕಾಲೀನನಾದ ಮಾರ್ಲೋ ಪಾದರಕ್ಷೆ ಹೊಲಿಯುವವನ ಮಗನು. ಮಹಾಪಂಡಿತನಾದ ಬೆನ್ ಜಾನ್ಸನನು ಗಾರೆಕೆಲಸದವನ ಮನೆಯಲ್ಲಿ ಬೆಳೆದು, ವಿಶ್ವವಿದ್ಯಾನಿಲಯದಲ್ಲಿ ಓದದೆಯೇ ಪಂಡಿತನಾದವನು. ಪ್ರತಿಭೆಯು ಕುಲವನ್ನು ವಿಚಾರಿಸಿ ಬರುವುದಿಲ್ಲ. ಆದರೆ ಅದು ಬೆಳಕಿಗೆ ಬರಲು ಒಂದು ಶಾಲೆ ಬೇಕು.

ಜೂಡಿತಳ ಗುರುತಿಗೆ ಉತ್ತರವು ಇಲ್ಲಿಯೇ ದೊರೆಯುವುದು. ತಂದೆಗೆ ತೆರೆದಿದ್ದ ಆ ಶಾಲೆಯ ಬಾಗಿಲು ಮಗಳಿಗೆ ತೆರೆಯಲಿಲ್ಲ. ಅದು ಹುಡುಗರ ಶಾಲೆ. ಅಕ್ಕನಾದ ಸುಸಾನಾ ತನ್ನ ಹೆಸರನ್ನು ಬರೆಯಬಲ್ಲವಳಾಗಿದ್ದಳು. ತಂಗಿಗೆ ಅಷ್ಟೂ ಸಾಧ್ಯವಾದಂತೆ ತೋರುವುದಿಲ್ಲ. ಆ ಗುರುತು ತಂದೆಯು ಕವಿಯಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಆ ಕಾಲದಲ್ಲಿ ಮಹಾಕವಿಯ ಮಗಳಿಗೂ ವಿದ್ಯೆಯು ನಿಶ್ಚಯವಾಗಿರಲಿಲ್ಲವೆಂಬುದಕ್ಕೆ ಸಾಕ್ಷಿ. ಬಾಲಿಕೆಯರ ಶಾಲೆಯಲ್ಲಿ ಕುಳಿತು ಆ ಕವಿಯ ನಾಟಕಗಳನ್ನು ಓದುವ ನಾವು ಇದನ್ನು ಮರೆಯಬಾರದು.

ಹಾಗಾದರೆ ಕರ್ತೃತ್ವದ ವಿಷಯದಲ್ಲಿ ಎಂದೂ ಸಂದೇಹ ಪಡಬಾರದೇ? ಖಂಡಿತವಾಗಿ ಪಡಬಹುದು. ಮೇಲೆ ಹೇಳಿದ ಲ್ಯಾಂಬರ ಕಥೆಗಳು ೧೮೦೭ರಲ್ಲಿ ಪ್ರಕಟವಾದಾಗ ಮುಖಪುಟದಲ್ಲಿದ್ದುದು ಚಾರ್ಲ್ಸ್ ಲ್ಯಾಂಬನೊಬ್ಬನ ಹೆಸರು. ಇಪ್ಪತ್ತು ಕಥೆಗಳಲ್ಲಿ ಹದಿನಾಲ್ಕನ್ನು ಬರೆದವಳು ಆತನ ಅಕ್ಕ ಮೇರಿ. ಇದು ತಿಳಿದುದು ಗುಪ್ತಲಿಪಿಯಿಂದಲ್ಲ. ತಮ್ಮನೇ ಸ್ನೇಹಿತರಿಗೆ ಬರೆದ ಕಾಗದಗಳಿಂದ. ಸಂದೇಹವು ದೋಷವಲ್ಲ, ಸಾಕ್ಷ್ಯವಿಲ್ಲದೆ ತೀರ್ಪು ಹೇಳುವುದು ದೋಷ. ಸೋದರಿಯರೇ, ಮುಂದೆ ಆ ಕಥೆಗಳನ್ನು ತೆರೆಯುವಾಗ ಷೇಕ್ಸ್‌ಪಿಯರನ ಹೆಸರನ್ನು ನಿಸ್ಸಂಶಯವಾಗಿ ಸ್ಮರಿಸಿರಿ. ಮೇರಿಯ ಹೆಸರನ್ನೂ ಜೊತೆಗೆ ಸ್ಮರಿಸಿರಿ.